ಹನ್ನೆರಡರಿಂದ ಮೂರೂವರೆ

ಫೋನು ನನ್ನದು, ಬುಕ್ಕಿಂಗ್ ಪುಸ್ತಕವೂ ನನ್ನದು.
ಲಿಂಗರಾಜಪುರದ ಫ್ಲೈಓವರಿನ ಪಕ್ಕ
ಎಂಟಡಿ ಅಂಗಡಿ, ಶೀಟಿನ ಮಾಡು,
ತಲೆಯ ಮೇಲೆ ಕಿರುಗುಟ್ಟುವ ಫ್ಯಾನು.
ಊರಿಗೆಲ್ಲ ತಂಪು ಕಳಿಸುವ ನಮ್ಮಲ್ಲಿ
ಏಸಿ ಇಲ್ಲ. ನಗಬೇಡಿ,
ಬಂದವರೆಲ್ಲ ನಕ್ಕು ಆಗಿದೆ.

ಏಪ್ರಿಲ್ಲಿನಲ್ಲಿ ಪುಸ್ತಕ ತುಂಬಿ ಮಾರ್ಜಿನಿಗೆ ಹರಿಯುತ್ತದೆ.
ಎಚ್‌ಬಿಆರ್‌ನಲ್ಲಿ ಗ್ಯಾಸ್ ಖಾಲಿ,
ಥಣಿಸಂದ್ರದಲ್ಲಿ ಗೋಡೆಗೆಲ್ಲ ನೀರು,
ಕಲ್ಯಾಣನಗರದಲ್ಲಿ ಮಗು ಮಲಗುತ್ತಿಲ್ಲ,
ಬಾಣಸವಾಡಿಯಲ್ಲಿ ನಾಯಿ ಮಲಗುತ್ತಿಲ್ಲ.
"ಮೊದಲೆಲ್ಲ ಬೆಂಗಳೂರಿಗೆ ಫ್ಯಾನೇ ಬೇಕಿರಲಿಲ್ಲ, ಗೊತ್ತಾ?"
ಎಂದೇ ಶುರು ಎಲ್ಲರದ್ದೂ,
ಆ ತಂಪನ್ನು ನಾನೇ ಕದ್ದು
ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡ ಹಾಗೆ.

ಏಸಿ ತಂಪನ್ನು ಹುಟ್ಟಿಸುವುದಿಲ್ಲ.
ಇದನ್ನು ಹೇಳಿಕೊಟ್ಟವನು ಇದಾಯತ್:
ಕೋಣೆಯ ಸೆಕೆಯನ್ನು ಎತ್ತಿ
ಗೋಡೆಯಾಚೆ ಸುರಿಯುತ್ತೆ, ಅಷ್ಟೇ ಅಕ್ಕ.
ಆಚೆ ಎಂದರೆ ಎಲ್ಲಿಗೆ?
ತಾರಸಿಯಲ್ಲಿ ಆ ತಗಡಿನ ಡಬ್ಬದ ಮುಂದೆ
ಕುಕ್ಕುರುಗಾಲಲ್ಲಿ ಕೂತವನ ಮುಖಕ್ಕೆ.
ಮೇಲೆ ಬಿಸಿಲು, ಕೆಳಗೆ ಕಾದ ಕಾಂಕ್ರೀಟು,
ಎದುರಿಗೆ ಯಾರದೋ ಮೂರು ಬೆಡ್‌ರೂಮಿನ ಧಗೆ.
ಸ್ಪ್ಯಾನರು ಹಿಡಿಯಲು ಒದ್ದೆ ಬಟ್ಟೆ ಬೇಕು.
ಟ್ಯಾಂಕಿನ ನಲ್ಲಿ ತಿರುಗಿಸಿದರೆ
ಮೊದಲ ಚೊಂಬು ಚಹಾ ಸೊಪ್ಪಿಗಾದರೂ ಸರಿ.

ಹೋದ ವರ್ಷ ತಿಪ್ಪೇಶ
ತಂಗಿಯ ಮದುವೆಗೆ ಹದಿನೈದು ದಿನ ಹೋಗಿ ಬಂದ.
ಬಂದ ಮೂರನೇ ದಿನ, ಒಂದೂವರೆಗೆ,
ನಾಲ್ಕನೇ ಮಾಳಿಗೆ ಮೇಲಿಂದ ಫೋನು ಮಾಡಿದ.
ಪ್ರೆಷರ್ ಎಷ್ಟಿದೆಯೋ, ಎಂದೆ.
"ಹೊಸದುರ್ಗದ ಬಸ್ಸು ಹೊರಟೋಯ್ತಾ ಅಕ್ಕ?" ಎಂದ.
ತಮಾಷೆ ಎಂದುಕೊಂಡೆ. ನಕ್ಕೆ ಕೂಡ.
ಆ ನಗು ಇವತ್ತಿಗೂ
ಗಂಟಲಿನಲ್ಲಿ ಮೀನಿನ ಮುಳ್ಳು.

ಮತ್ತೆ ಕೇಳಿದೆ. ಮತ್ತೆ ಬಸ್ಸು.
ನಾಲಿಗೆ ಹಿಟ್ಟಿನ ಹಾಗೆ ದಪ್ಪ.
ಕಾವಲಿನ ಪಾಪಣ್ಣನ ನಂಬರು ಹುಡುಕಿ ಕಿರುಚಿದೆ:
ಮೇಲೆ ಓಡು, ನೆರಳಿಗೆ ಎಳಿ,
ಅಂಗಿ ಬಿಚ್ಚು, ನೀರು ಸುರಿ, ಸುರೀತಾ ಇರು,
ಆಂಬುಲೆನ್ಸ್ ನಾನು ಕರೀತೀನಿ.
"ಮೈಯಲ್ಲಿ ಬೆವರೇ ಇಲ್ಲಮ್ಮ,
ಕಾವಲಿ ಮುಟ್ಟಿದ ಹಾಗಿದೆ" ಎಂದ ಪಾಪಣ್ಣ.

ಒಂಬತ್ತು ದಿನ ಆಸ್ಪತ್ರೆ. ಬದುಕಿದ.

ಬಿಲ್ಲನ್ನು ಪುಸ್ತಕದ ಮೇಲಿಟ್ಟು
ಓನರ್ ದೇವಸಹಾಯಂ ಮುಂದೆ ತಳ್ಳಿದೆ.
ಪ್ರತಿ ಪುಟದ ನಡುವೆ ಕೆಂಪು ಗೆರೆ ಎಳೆದಿದ್ದೆ:
ಹನ್ನೆರಡರಿಂದ ಮೂರೂವರೆ, ತಾರಸಿ ಇಲ್ಲ.
"ಗಿರಾಕಿ ಹೋದರೆ ನೀನು ತುಂಬಿಕೊಡ್ತೀಯ?"
ಮೂವರು ಹೋದರು. ತುಂಬಿಕೊಡಲಿಲ್ಲ.
ಹೊಸ ಹುಡುಗರಿಗೆ, ರಜೆ ಮುಗಿಸಿ ಬಂದವರಿಗೆ
ಮೊದಲ ವಾರ ಅರ್ಧ ದಿನವೇ ಕೆಲಸ.
ಒಬ್ಬನನ್ನೇ ಮೇಲೆ ಕಳಿಸುವುದಿಲ್ಲ.
ಬಾಗಿಲ ಬಳಿ ಮಡಕೆ, ಉಪ್ಪು ಹಾಕಿದ ಮಜ್ಜಿಗೆ.
ಬಾಯಾರುವ ತನಕ ಕಾಯಬೇಡ್ರೋ ಎಂದರೆ
ಇದಾಯತ್ ಗೊಣಗುತ್ತಾನೆ, ಕುಡಿಯುತ್ತಾನೆ.

ಈಗ ಒಂದು ಗಂಟೆ ಹತ್ತು ನಿಮಿಷ.
ಎದುರಿನ ಹೊಂಗೆಯ ಕೆಳಗೆ
ಟೂಲ್ ಬ್ಯಾಗಿಗೆ ತಲೆಯಿಟ್ಟು ನಾಲ್ವರು ಮಲಗಿದ್ದಾರೆ,
ಮೈಮೇಲೆ ಹೂವಿನ ಪುಡಿ.
ಫೋನಿನಲ್ಲಿ ಒಬ್ಬರು ಕೂಗಾಡುತ್ತಿದ್ದಾರೆ:
ಮನೆಯಲ್ಲಿ ಕೂರಕ್ಕಾಗ್ತಿಲ್ಲ, ನಿಮಗೆ ಮನುಷ್ಯತ್ವ ಇಲ್ವಾ?
ಕೂರಕ್ಕಾಗಲ್ಲ ಸರ್, ಗೊತ್ತು, ಎನ್ನುತ್ತೇನೆ.
ನಾಲ್ಕಕ್ಕೆ ಬರ್ತಾರೆ.

ನಾಲ್ಕೂವರೆಗೆ ತಿಪ್ಪೇಶನ ಫೋನು.
ಪ್ರೆಷರ್ ಎಷ್ಟಿದೆಯೋ?
"ಅರವತ್ತೆಂಟು."
ಇನ್ನೊಂದ್ಸಲ ಹೇಳು.
"ಅರವತ್ತೆಂಟು ಅಕ್ಕ, ಕಿವಿ ಕೇಳಲ್ವಾ?"
ಕೇಳುತ್ತೆ ಕಣೋ.
ನನಗೆ ಬೇಕಿದ್ದದ್ದು ಆ ಅಂಕಿ ಅಲ್ಲ.